ಇಪ್ಪತ್ತೆರಡು ಚಪ್ಪಾಳೆ

ಹದಿನೆಂಟನೇ ಚಪ್ಪಾಳೆಗೆ ಪೆನ್ಸಿಲಕ್ಕ ಸೀಟಿನಿಂದ ಎದ್ದಳು. ಇಪ್ಪತ್ತೆರಡು ಮುಗಿದದ್ದೇ ಮುಂದಿನ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದೇಬಿಟ್ಟಳು, ಇಳಿಯಬೇಕಾದ ಜಾಗಕ್ಕೆ ಇನ್ನೂ ಎರಡು ನಿಲ್ದಾಣ ಬಾಕಿ ಇದ್ದರೂ.

ಡ್ರೈವರು ರೇಡಿಯೋ ಜೋರು ಮಾಡಿದ್ದ. ಹಾಡು ಎರಡನೇ ಚರಣ ಮುಗಿಸಿ ತಟ್ಟನೆ ನಿಂತಿತ್ತು, ರೇಡಿಯೋದಲ್ಲಿ ಬರೀ ಚಪ್ಪಾಳೆ. ಅದಕ್ಕೇ ಕಾದು ಕೂತವರ ಹಾಗೆ ಇಡೀ ಬಸ್ಸು ಚಪ್ಪಾಳೆಗೆ ಶುರುಮಾಡಿತ್ತು. ಶಾಲೆಯ ಹುಡುಗಿಯರು, ಕಿಟಕಿ ಪಕ್ಕದ ನರ್ಸಮ್ಮ, ಕೊನೆಗೆ ಕಂಡಕ್ಟರು ಕೂಡ, ಟಿಕೆಟ್ ಕಟ್ಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು. ಚಪ್ಪಾಳೆ ಮುಗಿದ ಕೂಡಲೇ ಹಾಡು ಮತ್ತೆ ಹೊರಟಿತು. ಎಲ್ಲರ ಮುಖದಲ್ಲೂ ಏನೋ ಗೆದ್ದ ಖುಷಿ.

ಮೂರು ವಾರದಿಂದ ಈ ಹಾಡು ಎಲ್ಲಿ ಶುರುವಾದರೂ ಮೊದಲ ಸಾಲಿಗೇ ಪೆನ್ಸಿಲಕ್ಕನ ಮೈ ಉರಿದುಹೋಗುತ್ತಿತ್ತು. ಮನೆಯಲ್ಲಾದರೆ ರೇಡಿಯೋದ ಕಿವಿ ಹಿಂಡುತ್ತಿದ್ದಳು, ಅಂಗಡಿಯಲ್ಲಾದರೆ ಕೊಳ್ಳಲು ಬಂದದ್ದನ್ನು ಅಲ್ಲೇ ಬಿಟ್ಟು ಹೊರಗೆ ನಡೆಯುತ್ತಿದ್ದಳು. ಹಾಡು ಕಟ್ಟಿದವಳು ಗುಬ್ಬಿ ಎಂಬ ಹುಡುಗಿ. ರೇಡಿಯೋದವರು ಹೇಳುವ ಹೆಸರು ರೇಷ್ಮೆ ಎಂಬ ಹಾಡುಗಾರನದು. ಗುಬ್ಬಿ ನೆಲಮಾಳಿಗೆಯ ಮೆಟ್ಟಿಲಿನಿಂದ ಬಿದ್ದು ಸತ್ತು ಎಂಟು ತಿಂಗಳಾಗಿತ್ತು. ಸತ್ತವಳ ಹಾಡನ್ನು ಎತ್ತಿಕೊಂಡು ತನ್ನ ಹೆಸರು ಅಂಟಿಸಿಕೊಂಡ ಮನುಷ್ಯನನ್ನು ಊರಿಗೆ ಊರೇ ಹೊತ್ತು ಮೆರೆಸುತ್ತಿತ್ತು.

ಇವತ್ತು ಓಡುವ ಬಸ್ಸಿನಿಂದ ಇಳಿದು ಹೋಗುವ ಹಾಗಿರಲಿಲ್ಲ. ಮೊದಲ ಬಾರಿಗೆ ಹಾಡನ್ನು ಎರಡನೇ ಚರಣ ದಾಟುವ ತನಕ ಕೇಳಿದಳು, ಅಭ್ಯಾಸಬಲದಿಂದ ಚಪ್ಪಾಳೆ ಎಣಿಸಿದಳು. ಹದಿನೆಂಟಕ್ಕೆ ಬರುವಷ್ಟರಲ್ಲಿ ಇದನ್ನು ಹಿಂದೊಮ್ಮೆ ಎಣಿಸಿದ್ದು ನೆನಪಾಯಿತು.

ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತು ಚೀಲದಿಂದ ನೋಟ್‌ಬುಕ್ ತೆಗೆದಳು. ವಾರವೆಲ್ಲ ಅವಳು ಒಂದು ಅಚ್ಚಿನಮನೆಯಲ್ಲಿ ಕರಡು ತಿದ್ದುವವಳು. ಭಾನುವಾರ ಮಧ್ಯಾಹ್ನ ಅದೇ ಕಟ್ಟಡದ ನೆಲಮಾಳಿಗೆಯಲ್ಲಿ, ಯಾವ ಸಭಾಂಗಣವೂ ಒಳಗೆ ಬಿಟ್ಟುಕೊಳ್ಳದ ಹಾಡುಗಾರರು ಸೇರುತ್ತಿದ್ದರು. ಲಾಂಡ್ರಿಯವರು, ಗ್ಯಾರೇಜಿನವರು, ಕೆಲಸ ಹುಡುಕಿ ಹುಡುಕಿ ಸಾಕಾದವರು. ಹನ್ನೊಂದು ವರ್ಷದಿಂದ ಅವರ ಕಥೆಯನ್ನು ಎಂಟು ಪುಟದ ಜೆರಾಕ್ಸ್ ಪತ್ರಿಕೆಯಲ್ಲಿ ಬರೆಯುತ್ತ ಬಂದವಳು ಇವಳೊಬ್ಬಳೇ. ಯಾರು ಹಾಡಿದರು, ಎಷ್ಟು ಜನ ಕೇಳಿದರು, ಯಾವ ಹಾಡಿನಲ್ಲಿ ಯಾರ ತಂತಿ ಕಿತ್ತುಹೋಯಿತು, ಎಲ್ಲವೂ ಪೆನ್ಸಿಲಿನಲ್ಲಿ. ಆ ಶೀತದಲ್ಲಿ ಪೆನ್ನಿನ ಶಾಯಿ ಹರಡುತ್ತಿತ್ತು, ಅದಕ್ಕೆ.

ಗುಬ್ಬಿ ಸತ್ತ ಭಾನುವಾರದ ಪುಟ ಸಿಕ್ಕಿತು. ಅವಳದೇ ಅಕ್ಷರ.

"ಐವತ್ತಮೂರು ಜನ. ಗುಬ್ಬಿ, ಮೂರನೇ ಹಾಡು. ಎರಡನೇ ಚರಣ ಆದಮೇಲೆ ನೀರಿನ ಮೋಟಾರು ಶುರು. ಏನೂ ಕೇಳಿಸದು. ಗುಬ್ಬಿ ಹಾಡು ನಿಲ್ಲಿಸಿ ಚಪ್ಪಾಳೆ ಹಿಡಿದಳು, ಎಲ್ಲರೂ ಸೇರಿದರು. ವಾಚ್‌ಮನ್ ಮಾಮ ಬಾಗಿಲಿನಿಂದ ಕುಂಟುತ್ತ ಹೋಗಿ ಮೋಟಾರು ಆರಿಸಿದರು. ಇಪ್ಪತ್ತೆರಡು ಚಪ್ಪಾಳೆ. ಹಾಡು ಮುಂದುವರಿಯಿತು."

ಅದನ್ನೇ ಮೂರು ಸಲ ಓದಿದಳು. ನೆಲಮಾಳಿಗೆಯ ಮೂಲೆಯಲ್ಲಿ ನೀರಿನ ಮೋಟಾರು ಇರುವುದು ನಿಜ, ಮೇಲಿನ ಟ್ಯಾಂಕು ಖಾಲಿಯಾದರೆ ಅದು ತಾನಾಗಿ ಹೊರಡುವುದೂ ನಿಜ. ಆದರೆ ಭಾನುವಾರ ಕಟ್ಟಡದಲ್ಲಿ ನೀರು ಬಳಸುವವರೇ ಇಲ್ಲ. ಆ ಒಂದು ಭಾನುವಾರ ಮಾತ್ರ ಎರಡನೇ ಮಹಡಿಯಲ್ಲಿ ಯಾರೋ ನಲ್ಲಿ ಮುಚ್ಚದೆ ಹೋಗಿದ್ದರು. ಸೋಮವಾರ ಮಾಲೀಕರು ವಾಚ್‌ಮನ್ ಮಾಮನನ್ನು ಕರೆಸಿ ಬೈದದ್ದು ಅಚ್ಚಿನಮನೆಗೆಲ್ಲ ಕೇಳಿಸಿತ್ತು. ಗುಬ್ಬಿ ಆ ಹಾಡನ್ನು ಅದಕ್ಕೆ ಮುಂಚೆ ಹತ್ತಾರು ಸಲ ಹಾಡಿದ್ದಳು. ಒಮ್ಮೆಯೂ ಅಲ್ಲಿ ನಿಂತವಳಲ್ಲ. ಈ ಪುಟ ಪತ್ರಿಕೆಯಲ್ಲಿ ಬಂದಿರಲಿಲ್ಲ, ಅವತ್ತಿನ ಐವತ್ತಮೂರು ಜನರಲ್ಲಿ ರೇಷ್ಮೆಯೂ ಇರಲಿಲ್ಲ.

ರಾಗವನ್ನು ಯಾರಾದರೂ ಕೇಳಿ ಕಲಿತಿರಬಹುದು. ಈ ಚಪ್ಪಾಳೆಯನ್ನು ಕಲಿಯಬೇಕಾದರೆ ಅವತ್ತಿನ ಧ್ವನಿಮುದ್ರಣವೇ ಕೈಯಲ್ಲಿರಬೇಕು. ನೆಲಮಾಳಿಗೆಗೆ ಬಂದವರು ಬಾಗಿಲಲ್ಲೇ ಫೋನು ತಗಡಿನ ಡಬ್ಬಿಗೆ ಹಾಕಿ ಒಳಗೆ ಹೋಗಬೇಕು. ಮಾಮನ ಎದುರು ಯಾರ ಆಟವೂ ನಡೆಯುವುದಿಲ್ಲ. ಮುದ್ರಣ ಇದ್ದದ್ದು ಒಂದೇ ಕಡೆ, ಗುಬ್ಬಿ ಸೊಂಟದ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದ ಪುಟ್ಟ ರೆಕಾರ್ಡರಿನಲ್ಲಿ. ಹೆಣ ಸಿಕ್ಕಾಗ ಆ ರೆಕಾರ್ಡರ್ ಇರಲಿಲ್ಲ. ಪೆನ್ಸಿಲಕ್ಕ ಎಂಟು ತಿಂಗಳಿಂದ ಬಡಿದುಕೊಳ್ಳುತ್ತಿದ್ದದ್ದೂ ಅದನ್ನೇ, ಪೊಲೀಸರು ಜಾಣಕಿವುಡರಾಗಿ ಕೂತದ್ದೂ ಅದಕ್ಕೇ.

ಮೂರು ವಾರ! ಸಾಕ್ಷಿ ಬೀದಿ ಬೀದಿಯಲ್ಲಿ ಚಪ್ಪಾಳೆ ಹೊಡೆಯುತ್ತಿತ್ತು, ಇವಳು ಸಿಟ್ಟಿನಲ್ಲಿ ರೇಡಿಯೋ ಆರಿಸಿಕೊಂಡು ಕೂತಿದ್ದಳು. ತನಗೆ ತಾನೇ ಒಂದು ಬೈಗುಳ ಬೈದುಕೊಂಡು ಎದ್ದು, ಉಳಿದ ಎರಡು ನಿಲ್ದಾಣದ ದಾರಿಯನ್ನು ಬಿರುಸಾಗಿ ನಡೆದಳು.

ಗುಬ್ಬಿಯ ಅಕ್ಕನ ಹೊಲಿಗೆ ಅಂಗಡಿ ಒಂದು ಬಾಗಿಲಿನದು. ತಂದೆತಾಯಿ ಇಲ್ಲದ ತಂಗಿಯನ್ನು ಆರು ವರ್ಷದವಳಿದ್ದಾಗಿನಿಂದ ಸಾಕಿ ದೊಡ್ಡವಳನ್ನಾಗಿ ಮಾಡಿದ್ದು ಆ ಯಂತ್ರದ ಮುಂದೆ ಕೂತೇ. ಪೆನ್ಸಿಲಕ್ಕ ಅವಳನ್ನು ಕರೆಯುವುದು ದೊಡ್ಡಕ್ಕ ಎಂದು. ಈ ಎಂಟು ತಿಂಗಳಲ್ಲಿ ಎಷ್ಟೋ ಸಂಜೆ ಅವಳ ಕೈಯ ಊಟ ಉಂಡಿದ್ದಳು.

ದೊಡ್ಡಕ್ಕ ಶಾಲೆಯ ಲಂಗಕ್ಕೆ ಅಂಚು ಹೊಲಿಯುತ್ತಿದ್ದಳು. ಬಾಯಲ್ಲಿ ಗುಂಡುಸೂಜಿಗಳು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಠಾಣೆಯಿಂದ ಬಂದ ಕಾಗದ. ಕುಡಿದ ಅಮಲಿನಲ್ಲಿ ಕಾಲು ಜಾರಿ ಬಿದ್ದು ಸಾವು, ತನಿಖೆ ಮುಕ್ತಾಯಗೊಳಿಸಲು ನನ್ನ ಆಕ್ಷೇಪಣೆ ಇಲ್ಲ. ಕೆಳಗೆ ರುಜುವಿಗೆ ಜಾಗ.

ಕರಡು ತಿದ್ದುವವಳ ಕೈ, ಸುಮ್ಮನಿದ್ದೀತೇ? ಪೆನ್ಸಿಲು 'ಕುಡಿದ ಅಮಲಿನಲ್ಲಿ' ಎಂಬುದರ ಮೇಲೆ ಗೀಟೆಳೆದೇಬಿಟ್ಟಿತು.

"ಕುಡಿದ ಅಮಲಂತೆ! ಬಿಸಿನೀರು ಬಿಟ್ಟು ಏನು ಕುಡೀತಿದ್ಲು ಗುಬ್ಬಿ? ಬರೆಯೋಕೆ ಕೈಯಾದ್ರೂ ಹೇಗೆ ಬಂತು ಆ ಇನ್ಸ್‌ಪೆಕ್ಟ್ರಿಗೆ? ಇದಕ್ಕೆ ನೀವು ರುಜು ಹಾಕ್ತೀರಾ ದೊಡ್ಡಕ್ಕ?"

"ಹಾಕ್ದೇ ಇನ್ನೇನ್ ಮಾಡ್ಲಿ?" ದೊಡ್ಡಕ್ಕ ಸೂಜಿಗಳ ಸಂದಿಯಿಂದಲೇ ಮಾತಾಡಿದಳು. "ಠಾಣೆಗೆ ಅಲೆದು ಅಲೆದು ಚಪ್ಪಲಿ ಸವೆದುಹೋಯ್ತು. ಐದು ಗಂಟೆಗೆ ಇನ್ಸ್‌ಪೆಕ್ಟ್ರು ತಾವೇ ಬರ್ತಾರಂತೆ. ರುಜು ಹಾಕಿ ಕೊಟ್ಬಿಡ್ತೀನಿ, ಮುಗ್ದೋಗ್ಲಿ."

"ಮುಗಿಯೋದಲ್ಲ, ಮುಚ್ಚಿಹಾಕೋದು. ಒಂದ್ಸಲ ಮುಚ್ಚಿದ್ರೆ ಮತ್ತೆ ತೆಗೆಯಲ್ಲ ಅವ್ರು. ಗುಬ್ಬಿ ಕುಡುಕಿ ಅಂತಾನೇ ಉಳಿದುಬಿಡುತ್ತೆ."

"ಅವಳ ಹಾಡು, ಆ ನೆಲಮಾಳಿಗೆ, ಯಾವ್ದೂ ಬೇಡ ನಂಗೆ. ನಾನು ಒಂದಿನಾನೂ ಅಲ್ಲಿ ಕಾಲಿಟ್ಟೋಳಲ್ಲ. ಒಂದು ಹಾಡೂ ಕೇಳ್ದೋಳಲ್ಲ. ನಂಗೆ ತಂಗಿ ಬೇಕಿತ್ತು, ಹಾಡುಗಾರ್ತಿ ಅಲ್ಲ."

ಪೆನ್ಸಿಲಕ್ಕನ ಕಣ್ಣು ತುಂಬಿತು. ಅದನ್ನು ತೋರಗೊಡದೆ ದೊಡ್ಡಕ್ಕನ ಭುಜ ಹಿಡಿದಳು. "ಐದು ಗಂಟೆ ತನಕ ಪೆನ್ ಮುಟ್ಬೇಡಿ. ನನಗೋಸ್ಕರ. ರೆಕಾರ್ಡರ್ ಎಲ್ಲಿದೆ ಅಂತ ಗೊತ್ತಾಯ್ತು."

ಯಂತ್ರ ನಿಂತಿತು. ದೊಡ್ಡಕ್ಕ ಬಾಯಿಯ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೆತ್ತೆಗೆ ಚುಚ್ಚಿದಳು.

"ಎಲ್ಲಿದೆ?"

"ರೇಷ್ಮೆ ಹತ್ರ. ಈಗ್ಲೇ ಹೋಗಿ ಕಕ್ಕಿಸ್ತೀನಿ. ಐದಕ್ಕೆ ಮುಂಚೆ ಫೋನ್ ಮಾಡ್ತೀನಿ ನಿಮ್ಗೆ."

ದೊಡ್ಡಕ್ಕ ಲಂಗವನ್ನು ಮಡಚಿ ಪಕ್ಕಕ್ಕಿಟ್ಟಳು.

ರೇಷ್ಮೆಯ ಸ್ಟುಡಿಯೋ ಮೂರನೇ ಮಹಡಿಯಲ್ಲಿತ್ತು. ಗೋಡೆಗೆಲ್ಲ ದಪ್ಪ ಬಟ್ಟೆ, ನೆಲಕ್ಕೆ ಜಮಖಾನ, ಹೆಜ್ಜೆ ಸದ್ದೂ ಕೇಳಿಸದಂಥ ಕೋಣೆ. ಹನ್ನೊಂದು ವರ್ಷದ ಹಿಂದೆ ಈ ಮನುಷ್ಯ ಹರಿದ ಅಂಗಿ ಹಾಕಿಕೊಂಡು ಅದೇ ನೆಲಮಾಳಿಗೆಯಲ್ಲಿ ಹಾಡುತ್ತಿದ್ದ. ಆ ನುಣುಪು ದನಿಗೆ ರೇಷ್ಮೆ ಎಂದು ಹೆಸರಿಟ್ಟದ್ದೂ ಪೆನ್ಸಿಲಕ್ಕನೇ, ಪತ್ರಿಕೆಯ ಮೊದಲ ಸಂಚಿಕೆಯಲ್ಲಿ.

"ಬಾ ಪೆನ್ಸಿಲು, ಬಾ!" ಕುತ್ತಿಗೆಯ ಹೆಡ್‌ಫೋನ್ ತೆಗೆದಿಟ್ಟು ರೇಷ್ಮೆ ಎದ್ದ. "ಎಷ್ಟು ಕಾಲ ಆಯ್ತು! ನನ್ನ ಬಗ್ಗೆ ಮೊದಲು ಬರೆದೋಳು ನೀನೇ ಅಂತ ಈಗ್ಲೂ ಎಲ್ರಿಗೂ ಹೇಳ್ತಿರ್ತೀನಿ."

"ಹೇಳ್ಬೇಡ, ನಾಚಿಕೆ ಆಗುತ್ತೆ. ಗುಬ್ಬಿ ಹಾಡು ಎಲ್ಲಿಂದ ಬಂತು ನಿಂಗೆ?"

"ಯಾರ ಹಾಡು? ಅದು ನಂದು ಕಣೇ. ಇನ್ನು ರಾಗ ಒಂದೇ ಥರ ಇದೆ ಅಂತೀಯಾ, ರಾಗ ಯಾರಪ್ಪನ ಮನೆ ಆಸ್ತಿ?"

"ರಾಗ ಬಿಡು. ಚಪ್ಪಾಳೆ ಹೇಳು. ನಿನ್ನ ತಾಳ ನಾಲ್ಕರದ್ದು. ಇಪ್ಪತ್ತು ಇಡ್ಬೋದಿತ್ತು, ಇಪ್ಪತ್ನಾಲ್ಕು ಇಡ್ಬೋದಿತ್ತು. ಇಪ್ಪತ್ತೆರಡು ಯಾವ ಲೆಕ್ಕ?"

ರೇಷ್ಮೆಯ ಮುಖ ಅರಳಿತು. ಪಾಪ, ಹೊಗಳಿಕೆ ಅಂದುಕೊಂಡ. "ಅದೇ ಅದರ ಚೆಂದ! ಜನ ಇನ್ನೂ ಎರಡು ಇದೆ ಅಂತ ಕಾಯ್ತಿರ್ತಾರೆ, ಅಷ್ಟರಲ್ಲಿ ಹಾಡು ಬಂದ್ಬಿಡುತ್ತೆ. ವಾರಗಟ್ಟಲೆ ತಲೆ ಕೆಡಿಸ್ಕೊಂಡು ಹುಡುಕಿದ್ದು ಅದು."

ಪೆನ್ಸಿಲಕ್ಕ ನಕ್ಕಳು. ಸಿಟ್ಟು ಮಿತಿಮೀರಿದಾಗ ಅವಳಿಗೆ ನಗು ಬರುತ್ತಿತ್ತು. ನೋಟ್‌ಬುಕ್ ಬಿಚ್ಚಿ ಅವನ ಮೂಗಿನ ಮುಂದೆ ಹಿಡಿದಳು.

"ಓದು. ಮಾಮನ ಮಂಡಿನೋವಿನಿಂದ ಇಪ್ಪತ್ತೆರಡು ಆಯ್ತು. ಮಂಡಿ ಸರಿ ಇದ್ದಿದ್ರೆ ಹದಿನೈದಕ್ಕೇ ಮೋಟಾರು ಆರ್ತಿತ್ತು, ನೀನು ಹದಿನೈದು ಚಪ್ಪಾಳೇಗೆ ತಲೆ ಕೆಡಿಸ್ಕೊಂಡೆ ಅಂತಿದ್ದೆ."

ರೇಷ್ಮೆ ಓದಿದ. ಮತ್ತೆ ಓದಿದ. ಅವನ ಕಿವಿಯ ತುದಿ ಕೆಂಪಾಯಿತು.

"ಯಾರೋ... ಯಾರೋ ಫೋನಲ್ಲಿ ಹಿಡಿದಿರ್ಬೇಕು. ನಂಗೆ ಕಳಿಸಿದ್ರು."

"ಫೋನೆಲ್ಲ ಡಬ್ಬೀಲಿತ್ತು. ನೀನೂ ಎಷ್ಟೋ ಸಲ ಹಾಕಿದೀಯ ಆ ಡಬ್ಬಿಗೆ. ಈಗ ಸರಿಯಾಗಿ ಕೇಳಿಸ್ಕೋ. ಅವತ್ತಿನ ಹಾಡು ಇದ್ದಿದ್ದು ಗುಬ್ಬಿ ಸೊಂಟದಲ್ಲಿ. ಎಲ್ರೂ ಹೋದ್ಮೇಲೆ ವೈರು ಸುತ್ತಿಡೋಕೆ ಅವಳೊಬ್ಳೇ ಉಳಿದ್ಲು. ಆರು ಗಂಟೆಗೆ ಮಾಮ ಬೀಗ ಹಾಕೋಕೆ ಹೋದ್ರೆ ಮೆಟ್ಲ ಕೆಳಗೆ ಹೆಣ. ರೆಕಾರ್ಡರ್ ಇಲ್ಲ. ಇವತ್ತು ಅದು ನಿನ್ನ ಹತ್ರ ಇದೆ. ಐದು ಗಂಟೆಗೆ ಇನ್ಸ್‌ಪೆಕ್ಟರ್ ಮುಂದೆ ಈ ಪುಟ ಇಟ್ರೆ ಅವ್ರು ನಿನ್ನ ಪ್ರತಿಭಾವಂತ ಅಂತ ಕರೀತಾರಾ?"

ರೇಷ್ಮೆ ಕುರ್ಚಿಯಲ್ಲಿ ಕುಸಿದ. ದನಿಯ ನುಣುಪು ಎಲ್ಲೋ ಹೋಗಿತ್ತು.

"ಕಳ್ಳ ಅನ್ನು, ಕೇಳಿಸ್ಕೋತೀನಿ. ಕೊಲೆಗಾರ ಅನ್ಬೇಡ. ಅವತ್ತು ನಾನು ಊರಲ್ಲೇ ಇರ್ಲಿಲ್ಲ. ನೂರು ಜನ ಸಾಕ್ಷಿ ಹೇಳ್ತಾರೆ."

ಡ್ರಾಯರಿನ ಬೀಗ ತೆಗೆದು ಮೇಜಿನ ಮೇಲೆ ಇಟ್ಟ. ಮೂಲೆ ಸೀಳಿದ ಕಪ್ಪು ರೆಕಾರ್ಡರ್, ಸೀಳಿಗೆ ಗುಬ್ಬಿಯೇ ಸುತ್ತಿದ್ದ ಹಳದಿ ಟೇಪು. ಪೆನ್ಸಿಲಕ್ಕ ಆ ಟೇಪಿನ ಮೇಲೆ ಬೆರಳಾಡಿಸಿದಳು.

"ಅಂಚೇಲಿ ಬಂತು, ಆರು ತಿಂಗಳ ಹಿಂದೆ. ಬಟ್ಟೆ ಸುತ್ತಿ ನಾಲ್ಕೂ ಕಡೆ ಸಣ್ಣದಾಗಿ ಹೊಲಿಗೆ ಹಾಕಿದ್ರು. ಕಳಿಸಿದೋರ ಹೆಸರಿಲ್ಲ. ಒಂದು ಸಾಲಿನ ಚೀಟಿ ಇತ್ತು, 'ಇದನ್ನು ನಾಲ್ಕು ಜನ ಕೇಳುವ ಹಾಗೆ ಮಾಡಿ' ಅಂತ."

"ನಾಲ್ಕು ಜನ ಕೇಳೋ ಹಾಗೆ ಮಾಡಿ ಅಂದ್ರೆ ನಿನ್ನ ಹೆಸರು ಹಾಕ್ಕೋ ಅಂತಾನಾ?"

"ಚೀಟೀಲಿ ಅವಳ ಹೆಸರಿರ್ಲಿಲ್ಲ..."

"ದನಿ ಇತ್ತಲ್ಲೋ!" ಪೆನ್ಸಿಲಕ್ಕ ಮೇಜು ಗುದ್ದಿದಳು. "ನೆಲಮಾಳಿಗೇಲಿ ನಿನ್ನ ಕೊನೇ ಕಾರ್ಯಕ್ರಮದಲ್ಲಿ ಹಿಂದೆ ನಿಂತು ದನಿಗೂಡಿಸಿದೋಳು ಅವಳು! ದಿನಕ್ಕೆ ಹತ್ತು ತಾಸು ಇಸ್ತ್ರಿ ಪೆಟ್ಟಿಗೆ ತಳ್ಳಿ, ಸುಟ್ಟ ಬೆರಳಲ್ಲಿ ಕಟ್ಟಿದ ಹಾಡು! ಸತ್ತೋಳು ಕೇಳೋಕೆ ಬರಲ್ಲ ಅಂತ ಧೈರ್ಯ ಬಂತಾ ನಿಂಗೆ? ಒಂದು ಹೆಸರು! ಒಂದೇ ಒಂದು ಹೆಸರು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?"

ಪೆನ್ಸಿಲಕ್ಕ ರೆಕಾರ್ಡರನ್ನು ಅವನತ್ತ ತಳ್ಳಿದಳು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಇಪ್ಪತ್ತು.

"ಪೂರ್ತಿ ಕೇಳಿದೀಯಾ ಇದನ್ನ?"

"ಹಾಡೆಲ್ಲ ಕೇಳಿದೀನಿ."

"ಹಾಡಾದ್ಮೇಲೆ?"

"ಹಾಡಾದ್ಮೇಲೆ ಏನಿರುತ್ತೆ, ಚೀಲದೊಳಗಿನ ಸರಬರ. ಯಾರು ಕೇಳ್ತಾರೆ ಅದನ್ನ?"

ಪೆನ್ಸಿಲಕ್ಕನಿಗೆ ಗುಬ್ಬಿಯ ಹಳೇ ಚಾಳಿ ನೆನಪಾಯಿತು. ಗುಬ್ಬಿಗೆ ರೆಕಾರ್ಡರ್ ಆರಿಸುವುದು ನೆನಪೇ ಇರುತ್ತಿರಲಿಲ್ಲ. ಹಾಡು ಮುಗಿಸಿ, ಜನರನ್ನು ಕಳಿಸಿ, ಬಸ್ಸು ಹತ್ತಿ ಮನೆಗೆ ಹೋದರೂ ಸೊಂಟದಲ್ಲಿ ಅದು ಓಡುತ್ತಲೇ ಇರುತ್ತಿತ್ತು. ಬ್ಯಾಟರಿ ಖರ್ಚಿಗೆ ಬೈಸಿಕೊಂಡರೂ ಬುದ್ಧಿ ಬಂದಿರಲಿಲ್ಲ.

"ದೊಡ್ಡ ಸ್ಪೀಕರಿಗೆ ಹಾಕು. ಕೊನೇ ಹಾಡಿಂದ."

ಕೊನೆಯ ಹಾಡು ಮುಗಿಯಿತು. ಜನರ ಗದ್ದಲ, ಡಬ್ಬಿಯಿಂದ ಫೋನು ತೆಗೆದುಕೊಳ್ಳುವ ಸದ್ದು, "ಆಯ್ತು ಕಣಮ್ಮಾ, ನಾನು ಟೀ ಕುಡಿದು ಬರ್ತೀನಿ" ಎಂಬ ಮಾಮನ ಮಾತು. "ಮೇಲೆ ಹೋಗಿ ಬರೀತಿರ್ತೀನಿ, ಮುಗಿದ್ಮೇಲೆ ಕೂಗು" ಎಂದದ್ದು ಪೆನ್ಸಿಲಕ್ಕನದೇ ದನಿ. ಆಮೇಲೆ ಬರೀ ವೈರು ಸುತ್ತುವ ಸರಸರ, ಗುಬ್ಬಿಯ ಗುನುಗು. ರೇಷ್ಮೆ ಮುಂದಕ್ಕೆ ಓಡಿಸಲು ಕೈ ಹಾಕಿದ. ಪೆನ್ಸಿಲಕ್ಕ ಆ ಕೈಗೆ ಹೊಡೆದಳು.

ಹತ್ತು ನಿಮಿಷ ಹಾಗೇ ಹೋಯಿತು. ಗುಬ್ಬಿ ಮೆಟ್ಟಿಲು ಹತ್ತುವ ಹೆಜ್ಜೆ. ಹೆಜ್ಜೆ ನಿಂತಿತು. ಒಂದು ಹೆಣ್ಣುದನಿ, ತೀರ ಹತ್ತಿರದಿಂದ.

"ಚೆನ್ನಾಗಿ ಹಾಡ್ದೆ ಕಣೇ."

"ಅಕ್ಕಾ!" ಗುಬ್ಬಿ ಕಿರುಚಿದಳು, ಸಂತೋಷಕ್ಕೆ. "ನೀನಾ? ನೀನಿಲ್ಲಿ? ಯಾವಾಗ ಬಂದೆ?"

"ಎಲ್ರೂ ಚಪ್ಪಾಳೆ ಹೊಡೀತಿದ್ರಲ್ಲ, ಆಗ. ಬಾಗಿಲಲ್ಲಿ ಯಾರೂ ಇರ್ಲಿಲ್ಲ. ಹಿಂದೆ ಕತ್ತಲಲ್ಲಿ ನಿಂತಿದ್ದೆ."

ಗುಬ್ಬಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಎರಡೂ ಇರಬೇಕು. ಪೆನ್ಸಿಲಕ್ಕ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದಳು. ಇಲ್ಲ, ಈ ದನಿ ದೊಡ್ಡಕ್ಕನದಲ್ಲ ಎಂದು ಸಾಧಿಸಲು ಅವಳ ಮನಸ್ಸು ಒಂದು ಕ್ಷಣ ಏನೆಲ್ಲ ಹುಡುಕಿತು. ಒಂದೂ ಸಿಗಲಿಲ್ಲ.

"ಸಾಕಿನ್ನು, ಮನೆಗೆ ನಡಿ," ಎಂದಿತು ಅದೇ ದನಿ. "ಆ ಸೊಂಟದ್ದು ಕೊಡು ಇಲ್ಲಿ."

"ಇದ್ಯಾಕೆ ನಿಂಗೆ?"

"ಕೊಡು ಅಂದೆ."

"ಅಕ್ಕಾ, ಬಿಡು... ಎಳೀಬೇಡ, ಮೆಟ್ಲು ಇದೆ... ಅಕ್ಕಾ!"

ಆಮೇಲಿನ ಸದ್ದಿಗೆ ರೇಷ್ಮೆ ಎರಡೂ ಕಿವಿ ಮುಚ್ಚಿಕೊಂಡ. ಪೆನ್ಸಿಲಕ್ಕ ಮುಚ್ಚಿಕೊಳ್ಳಲಿಲ್ಲ. ಹನ್ನೊಂದು ವರ್ಷದಲ್ಲಿ ಆ ನೆಲಮಾಳಿಗೆಯ ಒಂದು ಸದ್ದಿಗೂ ಅವಳು ಕಿವಿ ಮುಚ್ಚಿಕೊಂಡವಳಲ್ಲ. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಮೆಟ್ಟಿಲು ಇಳಿದು ಬರುವ ಹೆಜ್ಜೆ, ಒಂದೊಂದೇ. ಯಾರನ್ನೂ ಕೂಗಲಿಲ್ಲ. ಯಾರನ್ನೂ ಕರೆಯಲಿಲ್ಲ. ಮೂವತ್ತು ಅಡಿ ಮೇಲೆ ಪೆನ್ಸಿಲಕ್ಕ ಕೂತು ಬರೆಯುತ್ತಿದ್ದಳು, ಮೆಟ್ಟಿಲ ತುದಿಯಿಂದ ಒಂದು ಕೂಗು ಹಾಕಿದ್ದರೆ ಓಡಿ ಬರುತ್ತಿದ್ದಳು. ಬಟ್ಟೆ ಸರಿಸಿದ ಸದ್ದು. ಗುಂಡಿ ಒತ್ತಿದ ಸದ್ದು. ಮುಂದೆ ಬರೀ ಖಾಲಿ.

ಪೊಲೀಸರ ಮೇಲೆ, ರೇಷ್ಮೆಯ ಮೇಲೆ, ಇಡೀ ಊರಿನ ಮೇಲೆ ಎಂಟು ತಿಂಗಳಿಂದ ಕುದಿದ ಸಿಟ್ಟು ಅವಳಲ್ಲಿತ್ತು. ಅದನ್ನೀಗ ಎಲ್ಲಿಗೆ ಒಯ್ಯಬೇಕೋ ಅವಳಿಗೆ ತಿಳಿಯಲಿಲ್ಲ. ಎಷ್ಟೋ ಸಂಜೆ ಅವಳು ಉಂಡದ್ದು ಆ ಕೈಯ ಅನ್ನವನ್ನೇ.

"ಅವತ್ತಿನದೆಲ್ಲಾ ನಿನ್ನ ಪುಸ್ತಕದಲ್ಲಿದೆ ಅಂತಿದ್ಯಲ್ಲ," ಎಂದ ರೇಷ್ಮೆ. ಕೊಂಕಲ್ಲ, ನಿಜಕ್ಕೂ ಹೆದರಿದ್ದ. "ಇದಿದೆಯಾ ಅದರಲ್ಲಿ?"

ಅವಳು ಉತ್ತರ ಹೇಳುವ ಮೊದಲೇ ಚೀಲದಲ್ಲಿ ಫೋನು ಬಡಿದುಕೊಂಡಿತು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ.

"ಇನ್ಸ್‌ಪೆಕ್ಟ್ರು ಆಗ್ಲೇ ಬಂದ್ಬಿಟ್ರು ಕಣೇ," ಎಂದಳು ದೊಡ್ಡಕ್ಕ. "ಎದುರಿಗೇ ಕೂತಿದಾರೆ. ನೀನು ಹೇಳಿದ್ದಕ್ಕೆ ಪೆನ್ ಮುಟ್ಟಿಲ್ಲ ನಾನು. ರುಜು ಹಾಕ್ಲೋ ಬೇಡ್ವೋ? ನೀನು ಹೇಳ್ದಂಗೆ ಮಾಡ್ತೀನಿ."

ಪೆನ್ಸಿಲಕ್ಕ ಮೇಜಿನ ಮೇಲಿನ ರೆಕಾರ್ಡರನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

"ಫೋನನ್ನ ಇನ್ಸ್‌ಪೆಕ್ಟರ್ ಕೈಗೆ ಕೊಡಿ ದೊಡ್ಡಕ್ಕ."

ಆ ಕಡೆ ಕುರ್ಚಿ ಸರಿಸಿದ ಸದ್ದು, ಒಳಕೋಣೆಯ ಪರದೆ ಎಳೆದ ಸದ್ದು. ಆಮೇಲೆ ದೊಡ್ಡಕ್ಕ ತೀರ ಮೆಲ್ಲಗೆ, ಪಕ್ಕದಲ್ಲಿದ್ದವರಿಗೂ ಕೇಳಿಸದ ಹಾಗೆ ಕೇಳಿದಳು.

"ಕೊನೇ ತನಕ ಕೇಳ್ಬಿಟ್ಯಾ?"